ನಕ್ಷತ್ರದ ಬೆಳಕಲ್ಲಿ ನೂರು ವರ್ಷದಿಂದ ಹೆಸರಿಲ್ಲದೆ ಕೂತಿರೋ ಗೆರೆಗಳು

ಸಾರು ಉಕ್ಕಿ ಗ್ಯಾಸ್ ಒಲೆ ಮೇಲೆ ಚೆಲ್ಲಿದಾಗ ನೀಲಿ ಉರಿ ಒಂದು ಕ್ಷಣ ಭಗ್ಗಂತ ಹಳದಿ ಆಗುತ್ತಲ್ಲ, ಅದು ಉಪ್ಪಿನಲ್ಲಿರೋ ಸೋಡಿಯಂ ಮಾಡೋ ಕೆಲಸ. ಸೋಡಿಯಂ ನಮ್ಮ ಅಡುಗೆಮನೇಲಿರಲಿ, ಸೂರ್ಯನಲ್ಲಿರಲಿ, ಅದರ ಹಳದಿ ಒಂದೇ. ಆ ಹಳದಿಯನ್ನ ಚೆನ್ನಾಗಿ ಬಿಡಿಸಿ ನೋಡಿದ್ರೆ ಅಕ್ಕಪಕ್ಕ ಎರಡು ಗೆರೆ ಸಿಗುತ್ತೆ, ಒಂದು 5890 ಆಂಗ್‌ಸ್ಟ್ರಾಮ್, ಇನ್ನೊಂದು 5896. ಆಂಗ್‌ಸ್ಟ್ರಾಮ್ ಅಂದ್ರೆ ಒಂದು ಮಿಲಿಮೀಟರನ್ನ ಕೋಟಿ ಭಾಗ ಮಾಡಿದ್ರೆ ಬರೋ ಒಂದು ಭಾಗ, ಬೆಳಕಿನ ಅಲೆ ಎಷ್ಟುದ್ದ ಇದೆ ಅಂತ ಹೇಳೋಕೆ ಖಗೋಳದವರು ಬಳಸೋ ಅಳತೆ.

ಬೆಳಕು ಹೀಗೆ ಗೆರೆಗೆರೆಯಾಗಿ ಬರುತ್ತೆ ಅನ್ನೋದನ್ನ ನಾನು ಕಣ್ಣಾರೆ ನೋಡಿದ್ದು ಒಂದು ಹಳೇ ಸೀಡಿ ತುಂಡಲ್ಲಿ. ರಟ್ಟಿನ ಡಬ್ಬಿಗೆ ಬ್ಲೇಡಲ್ಲಿ ಸಣ್ಣದಾಗಿ ಸೀಳು ಮಾಡಿ, ಒಳಗೆ ಸೀಡಿ ತುಂಡನ್ನ ಓರೆಯಾಗಿ ಕೂರಿಸಿ, ರಾತ್ರಿ ಹಾಲ್‌ನ ಸಿಎಫ್‌ಎಲ್ ಬಲ್ಬಿಗೆ ಹಿಡಿದೆ. ಕಾಮನಬಿಲ್ಲು ಕಾಣುತ್ತೆ ಅಂದ್ಕೊಂಡಿದ್ದೆ, ಕಂಡಿದ್ದು ಬಿಡಿಬಿಡಿಯಾಗಿ ನಿಂತ ನೇರಳೆ, ಹಸಿರು, ಕಿತ್ತಳೆ ಗೆರೆಗಳು, ನಡುನಡುವೆ ಕತ್ತಲೆ. ಅದೇ ಡಬ್ಬಿನ ಎಲ್‌ಇಡಿ ಬಲ್ಬಿಗೆ ಹಿಡಿದ್ರೆ ಎಲ್ಲೂ ಕಡಿಯದೆ ಪೂರ್ತಿ ಬಣ್ಣ. ಎರಡು ಬಲ್ಬೂ ಬಿಳಿ ಬೆಳಕೇ ಕೊಡೋದು, ಆದ್ರೆ ಒಳಗೆ ಏನಿದೆ ಅನ್ನೋದನ್ನ ಡಬ್ಬಿ ಬೇರೆ ಬೇರೆ ಮಾಡಿ ತೋರಿಸ್ತು. ಬೆಂಗಳೂರಿನ ಭಾರತೀಯ ಖಗೋಳ ಭೌತಶಾಸ್ತ್ರ ಸಂಸ್ಥೆಯವರು ತಮಿಳುನಾಡಿನ ಕಾವಲೂರಲ್ಲಿ ನಡೆಸೋ 2.34 ಮೀಟರ್ ಟೆಲಿಸ್ಕೋಪಿಗೆ ಜೋಡಿಸಿರೋ ಸ್ಪೆಕ್ಟ್ರೋಗ್ರಾಫ್ ಮೂಲದಲ್ಲಿ ಮಾಡೋದೂ ಇದೇ ಕೆಲಸ, ತುಂಬಾ ತುಂಬಾ ನಾಜೂಕಾಗಿ ಮಾಡುತ್ತೆ ಅಷ್ಟೆ.

ಈಗ ಇದನ್ನೇ ತಿರುಗಿಸಿ ನೋಡಿ. ಹಿಂದೆ ಪೂರ್ತಿ ಬಣ್ಣ ಇರೋ ಬೆಳಕು, ಮುಂದೆ ತಣ್ಣಗಿರೋ ಒಂದಿಷ್ಟು ಸೋಡಿಯಂ ಆವಿ ಇದ್ರೆ, ಅದು ತನ್ನ ಆ ಎರಡು ಹಳದಿಯನ್ನ ನುಂಗಿಬಿಡುತ್ತೆ, ಬಾಕಿಯೆಲ್ಲ ಹಾಗೇ ಬಿಡುತ್ತೆ. ನಮಗೆ ಸಿಗೋ ಬಣ್ಣದ ಪಟ್ಟಿಯಲ್ಲಿ ಆ ಜಾಗದಲ್ಲಿ ಎರಡು ಕಪ್ಪು ಗೆರೆ. ನಕ್ಷತ್ರ ಯಾವುದರಿಂದ ಆಗಿದೆ ಅಂತ ನಮಗೆ ಗೊತ್ತಾಗಿರೋದೇ ಇಂಥ ಕಪ್ಪು ಗೆರೆಗಳಿಂದ. ಪ್ರತಿ ವಸ್ತುವಿಗೂ ತನ್ನದೇ ಬೆರಳಚ್ಚು.

1904ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮಲ್ಲಿ ಯೋಹಾನೆಸ್ ಹಾರ್ಟ್‌ಮನ್ ಅನ್ನೋರು ಮಿಂಟಾಕಾ ನಕ್ಷತ್ರ ನೋಡ್ತಿದ್ರು. ಮಹಾವ್ಯಾಧನ ಸೊಂಟದ ಪಟ್ಟಿಯಲ್ಲಿ ಸಾಲಾಗಿ ಮೂರು ನಕ್ಷತ್ರ ಇರ್ತಾವಲ್ಲ, ಅದರಲ್ಲೊಂದು. ಅದು ಒಂಟಿ ಅಲ್ಲ, ಜೋಡಿ ನಕ್ಷತ್ರ, ಒಂದರ ಸುತ್ತ ಒಂದು ಸುಮಾರು 5.7 ದಿನಕ್ಕೊಂದು ಸುತ್ತು ಹಾಕ್ತಾವೆ. ನಕ್ಷತ್ರ ನಮ್ಮ ಕಡೆ ಬರೋವಾಗ ಅದರ ಗೆರೆಗಳು ನೀಲಿ ಕಡೆ ಸರಿಯುತ್ತೆ, ದೂರ ಹೋಗೋವಾಗ ಕೆಂಪು ಕಡೆ, ಹಾಗಾಗಿ ದಿನ ದಿನ ಗೆರೆಗಳು ಆಚೀಚೆ ಓಲಾಡ್ತಿರಬೇಕು, ಓಲಾಡ್ತಾನೂ ಇದ್ವು, ಆದ್ರೆ ಕ್ಯಾಲ್ಸಿಯಂನ ಒಂದು ಗೆರೆ ಮಾತ್ರ ಅಲ್ಲಾಡದೆ ನಿಂತಲ್ಲೇ ನಿಂತಿತ್ತು. ಜಾತ್ರೇಲಿ ರಾಟೆ ತೊಟ್ಟಿಲು ಗಿರಗಿರ ತಿರುಗ್ತಿರೋವಾಗ ಅದರ ಮುಂದಿರೋ ದೀಪದ ಕಂಬ ನಿಂತೇ ಇರುತ್ತಲ್ಲ ಹಾಗೆ. ಅಂದ್ರೆ ಆ ಕ್ಯಾಲ್ಸಿಯಂ ನಕ್ಷತ್ರದ್ದಲ್ಲ, ನಕ್ಷತ್ರಕ್ಕೂ ನಮಗೂ ನಡುವೆ ಎಲ್ಲೋ ಇದೆ. ಖಾಲಿ ಅಂದ್ಕೊಂಡಿದ್ದ ಜಾಗದಲ್ಲಿ ಅನಿಲ ಇದೆ ಅಂತ ತೋರಿಸಿಕೊಟ್ಟ ಗೆರೆ ಅದು.

ಹದಿನೈದು ವರ್ಷ ಆದ್ಮೇಲೆ, 1919ರಲ್ಲಿ, ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ಮೇರಿ ಲೀ ಹೆಗರ್ ಅನ್ನೋ ಪಿಎಚ್‌ಡಿ ವಿದ್ಯಾರ್ಥಿನಿ ಇದೇ ಥರ ಜೋಡಿ ನಕ್ಷತ್ರಗಳ ಫೋಟೋ ಪ್ಲೇಟ್ ತೆಗೀತಾ ಅಲ್ಲಾಡದ ಸೋಡಿಯಂ ಗೆರೆ ಹುಡುಕ್ತಿದ್ರು, ಅದು ಸಿಕ್ತು ಕೂಡ. ಜೊತೆಗೆ ಇನ್ನೆರಡು ಗುರುತು ಕಂಡವು, 5780ರ ಹತ್ತಿರ ಒಂದು, 5797ರ ಹತ್ತಿರ ಒಂದು. ಸೋಡಿಯಂ ಗೆರೆ ಚಾಕುವಲ್ಲಿ ಗೀರಿದ ಹಾಗೆ ಚೂಪಾಗಿದ್ರೆ ಇವೆರಡು ಅಂಚೆಲ್ಲ ಮಸುಕು ಮಸುಕು. 1922ರಲ್ಲಿ ಅವರು ಇದನ್ನ ಪ್ರಕಟ ಮಾಡಿದ್ರು. ಯಾವ ವಸ್ತುವಿನ ಪಟ್ಟಿಗೂ ಅವು ಹೊಂದಲಿಲ್ಲ. ಆಮೇಲೆ ಅವರು ಮೇರಿ ಲೀ ಶೇನ್ ಆದ್ರು, ಲಿಕ್ ವೀಕ್ಷಣಾಲಯದ ಹಳೇ ಕಾಗದಪತ್ರ ಎಲ್ಲ ಜೋಡಿಸಿಟ್ಟ ದಾಖಲೆ ಸಂಗ್ರಹ ಇವತ್ತಿಗೂ ಅವರ ಹೆಸರಲ್ಲೇ ಇದೆ. ಅವರು ಕಂಡ ಆ ಎರಡು ಗುರುತು ಮಾತ್ರ ಇನ್ನೂ ಯಾವ ವಸ್ತುವಿನ ಹೆಸರಿಗೂ ಆಗಿಲ್ಲ.

ಇವು ನಿಜವಾಗ್ಲೂ ನಕ್ಷತ್ರಕ್ಕೂ ನಮಗೂ ನಡುವೆ ಇರೋ ಅನಿಲ, ದೂಳಿನ ಮೋಡದ್ದೇ ಅಂತ ಗಟ್ಟಿಯಾಗಿ ತೋರಿಸಿದ್ದು ಮೌಂಟ್ ವಿಲ್ಸನ್ ವೀಕ್ಷಣಾಲಯದ ಪಾಲ್ ಮೆರಿಲ್, 1934ರಿಂದ ಈಚೆಗೆ. ಅವರು ಇದೇ ಥರದ ಇನ್ನೆರಡನ್ನ ಸೇರಿಸಿದ್ರು, 6284 ಮತ್ತು 6614. ನಕ್ಷತ್ರದ ಬೆಳಕು ದೂಳಿನ ಮೋಡ ದಾಟಿ ಬಂದಷ್ಟೂ ಕೆಂಪಾಗುತ್ತೆ, ಸಂಜೆ ಸೂರ್ಯನ ಥರ, ಆ ಕೆಂಪು ಹೆಚ್ಚಿದಷ್ಟೂ ಈ ಪಟ್ಟೆಗಳೂ ಆಳ ಆಗ್ತಾವೆ. ಈ ಗುಂಪಿಗೆ ಈಗಿರೋ ಹೆಸರು ಡಿಫ್ಯೂಸ್ ಇಂಟರ್‌ಸ್ಟೆಲ್ಲಾರ್ ಬ್ಯಾಂಡ್ಸ್, ಚಿಕ್ಕದಾಗಿ ಡಿಐಬಿ. ನಾನು ಇಲ್ಲಿ ಮಸುಕು ಪಟ್ಟೆ ಅಂತಲೇ ಕರೀತೀನಿ, ನೋಡೋಕೆ ಹಾಗೇ ಇರೋದ್ರಿಂದ.

ನಾಲ್ಕಿದ್ದಿದ್ದು ಈಗ ಎಷ್ಟಾಗಿದೆ ಅಂದ್ರೆ 2019ರಲ್ಲಿ ಬಂದ ಒಂದು ಪಟ್ಟಿಯಲ್ಲಿ 559 ಇದೆ. ಅದು ಬರೀ ಕಣ್ಣಿಗೆ ಕಾಣೋ ಬೆಳಕು ಮತ್ತು ಅದರ ಸ್ವಲ್ಪ ಆಚೆಯದು, ಇನ್ನೂ ಆಚೆ ಇನ್‌ಫ್ರಾರೆಡ್ಡಲ್ಲೂ ಇವೆ. ಹೆಚ್ಚಿನವು ತೀರಾ ಪೀಚು, ಕೆಲವು ದೊಡ್ಡವು. 4430ರ ಹತ್ತಿರ ಇರೋದು ಸುಮಾರು 20 ಆಂಗ್‌ಸ್ಟ್ರಾಮ್ ಅಗಲ ಚಾಚಿಕೊಂಡಿದೆ, ಹೆಗರ್ ಅವರ 5780 ಸುಮಾರು 2 ಆಂಗ್‌ಸ್ಟ್ರಾಮ್. ಮೋಡದ ಸೋಡಿಯಂ ಗೆರೆ ಇದರ ಮುಂದೆ ಕೂದಲೆಳೆ.

ಹೆಸರು ಗೊತ್ತಿಲ್ಲದ ಗೆರೆಗಳು ಖಗೋಳಕ್ಕೆ ಹೊಸದೇನಲ್ಲ. 1868ರ ಆಗಸ್ಟ್ 18ರ ಸೂರ್ಯಗ್ರಹಣ ಗುಂಟೂರು ಸೇರಿ ನಮ್ಮ ದೇಶದ ಹಲವು ಕಡೆ ಪೂರ್ತಿಯಾಗಿ ಕಾಣಿಸ್ತು, ಆ ವರ್ಷ ಸೂರ್ಯನಲ್ಲಿ ಕಂಡ ಒಂದು ಹಳದಿ ಗೆರೆ ಸೋಡಿಯಂಗೆ ಹೊಂದದೆ ಕಡೆಗೆ ಹೀಲಿಯಂ ಅಂತ ಹೆಸರು ಪಡೀತು, ಭೂಮಿ ಮೇಲೆ ಆ ಅನಿಲ ರಾಮ್ಸೆ ಅನ್ನೋ ರಸಾಯನಶಾಸ್ತ್ರಜ್ಞರ ಕೈಗೆ ಸಿಕ್ಕಿದ್ದು 1895ರಲ್ಲಿ. 1864ರಲ್ಲಿ ನೆಬ್ಯುಲಾ ಅನ್ನೋ ಹೊಳೆಯೋ ಅನಿಲದ ಮೋಡಗಳಲ್ಲಿ ಕಂಡ ಹಸಿರು ಗೆರೆಗೆ ನೆಬ್ಯುಲಿಯಂ ಅನ್ನೋ ಹೊಸ ಧಾತುವನ್ನೇ ಊಹಿಸಿಕೊಂಡಿದ್ರು, 1927ರಲ್ಲಿ ಬೋವೆನ್ ಅದು ಎರಡು ಎಲೆಕ್ಟ್ರಾನ್ ಕಳ್ಕೊಂಡ ಆಮ್ಲಜನಕ ಅಂತ ತೋರಿಸಿದ್ರು. ಅಲ್ಲೆಲ್ಲ ಕೊನೆಗೆ ಉತ್ತರ ಸಿಕ್ಕಿದ್ದು ಒಂದೊಂದು ಪರಮಾಣು. ಪರಮಾಣುಗಳ ಪಟ್ಟಿ ಚಿಕ್ಕದು, ನೂರು ಚಿಲ್ಲರೆ, ಹಾಗಾಗಿ ಇವತ್ತಲ್ಲ ನಾಳೆ ಸಿಕ್ಕೇ ಸಿಗುತ್ತೆ. ಮಸುಕು ಪಟ್ಟೆಗಳ ವಿಷಯ ಹಾಗಲ್ಲ, ಇವು ಪರಮಾಣುವಿನವಲ್ಲ, ಅಣುಗಳವು. ಪರಮಾಣುಗಳನ್ನ ಜೋಡಿಸಿ ಎಷ್ಟು ಥರ ಅಣು ಕಟ್ಟಬಹುದು ಅನ್ನೋದಕ್ಕೆ ಕೊನೆಯೇ ಇಲ್ಲ.

ಅಣುಗಳದ್ದೇ ಅಂತ ಹೇಗೆ ಹೇಳ್ತಾರೆ? ಮೊದಮೊದಲು ತುಂಬಾ ಜನ ದೂಳಿನ ಕಣ ಅಂದ್ಕೊಂಡಿದ್ರು, ದೂಳು ಹೆಚ್ಚಿದಷ್ಟು ಪಟ್ಟೆ ಹೆಚ್ಚೋದ್ರಿಂದ ಆ ಅನುಮಾನ ಸಹಜವೇ. ಆದ್ರೆ ಉದ್ದುದ್ದ ದೂಳಿನ ಕಣಗಳು ಬೆಳಕಿನ ಅಲೆಗಳ ಅಲುಗಾಟವನ್ನ ಒಂದೇ ದಿಕ್ಕಿಗೆ ವಾಲಿಸ್ತಾವೆ, ಅದಕ್ಕೆ ಧ್ರುವೀಕರಣ ಅಂತಾರೆ, ಪಟ್ಟೆಗಳಿರೋ ಜಾಗದಲ್ಲಿ ಆ ವಾಲೋದು ಬೇರೆಯಾಗಬೇಕಿತ್ತು, ಹುಡುಕಿದ್ರು, ಸಿಗಲಿಲ್ಲ. ಕಣದ ಗಾತ್ರ ಬದಲಾದ್ರೆ ಪಟ್ಟೆ ಜರುಗಬೇಕಿತ್ತು, ಅದೂ ಆಗಲಿಲ್ಲ. ಆಮೇಲೆ 1990ರ ದಶಕದ ನಡುವೆ ತುಂಬಾ ನಾಜೂಕು ಉಪಕರಣದಲ್ಲಿ ಮೆರಿಲ್ ಅವರ 6614ನ್ನ ಹಿಗ್ಗಿಸಿ ನೋಡಿದಾಗ ಅದೊಂದು ನುಣುಪಾದ ಗುಂಡಿ ಅಲ್ಲ, ಒಳಗೆ ಸಣ್ಣ ಸಣ್ಣ ಹಲ್ಲುಗಳಿವೆ ಅಂತ ಗೊತ್ತಾಯ್ತು. ಆ ಹಲ್ಲು ಮೂಡೋದು ದೊಡ್ಡ ಅಣುವೊಂದು ಗಿರಗಿರ ತಿರುಗೋದ್ರಿಂದ, ಬೇರೆ ಬೇರೆ ವೇಗಕ್ಕೆ ಒಂದೊಂದು ಚೂರು ಜರುಗಿದ ಗೆರೆ ಬಂದು ಎಲ್ಲ ಒಂದರ ಮೇಲೊಂದು ಬಿದ್ದು ಪಟ್ಟೆ ಆಗುತ್ತೆ. ನನಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅನ್ಸೋದು ಇದೇ.

ಮಸುಕಿಗೆ ಇನ್ನೊಂದು ಕಾರಣನೂ ಇದೆ. ತಂಬೂರಿ ತಂತಿ ಮೀಟಿದ್ರೆ ನಾದ ಬಹಳ ಹೊತ್ತು ನಿಲ್ಲುತ್ತೆ, ಶ್ರುತಿ ಯಾವುದು ಅಂತ ಖಚಿತವಾಗಿ ಹೇಳಬಹುದು. ಮರದ ಹಲಗೆಗೆ ಟಕ್ ಅಂತ ತಟ್ಟಿದ್ರೆ ಸದ್ದು ತಕ್ಷಣ ಸಾಯುತ್ತೆ, ಅದು ಯಾವ ಸ್ವರ ಅಂತ ಕೇಳಿದ್ರೆ ಹೇಳೋಕಾಗಲ್ಲ. ಸೋಡಿಯಂ ಪರಮಾಣು ಬೆಳಕನ್ನ ನುಂಗಿ ಆ ಶಕ್ತಿಯನ್ನ ಸ್ವಲ್ಪ ಹೊತ್ತು ಹಾಗೇ ಇಟ್ಕೊಂಡಿರುತ್ತೆ, ಅದಕ್ಕೆ ಗೆರೆ ಚೂಪು. ದೊಡ್ಡ ಅಣು ನುಂಗಿದ ತಕ್ಷಣ ಶಕ್ತಿ ಅದರ ಮೈಯೆಲ್ಲ ಹರಡಿ ನಡುಕ ಆಗಿಹೋಗುತ್ತೆ, ಕ್ಷಣದ ಕೋಟಿ ಕೋಟಿ ಪಾಲಿನಲ್ಲಿ, ಅದಕ್ಕೆ ಗೆರೆ ಹರಡಿದ ಪಟ್ಟೆ. ಇದು ಉಪಕರಣದ ದೋಷ ಅಲ್ಲ, ಎಷ್ಟೇ ಒಳ್ಳೇ ಟೆಲಿಸ್ಕೋಪ್ ತಂದ್ರೂ ಆ ಮಸುಕು ಹೋಗಲ್ಲ.

ಸರಿ, 559 ಪಟ್ಟೆಗೆ ಕಾರಣ ಒಂದೇ ಅಣುನಾ? ಅಲ್ಲ. ಒಂದೇ ಅಣುವಿನ ಎರಡು ಪಟ್ಟೆ ಆಗಿದ್ರೆ ಒಂದು ಆಳ ಆದಾಗ ಇನ್ನೊಂದೂ ಅದೇ ಲೆಕ್ಕದಲ್ಲಿ ಆಳ ಆಗಬೇಕು, ಯಾವ ನಕ್ಷತ್ರದ ಕಡೆ ನೋಡಿದ್ರೂ. ನೂರಾರು ನಕ್ಷತ್ರ ನೋಡಿ ತಾಳೆ ಹಾಕಿದ್ದಾರೆ, 6196 ಮತ್ತು 6614 ಹೆಚ್ಚುಕಮ್ಮಿ ಕೈ ಕೈ ಹಿಡ್ಕೊಂಡು ಹೋಗ್ತಾವೆ, ಬಾಕಿ ದೊಡ್ಡ ಪಟ್ಟೆಗಳಲ್ಲಿ ಅಷ್ಟೂ ಹೊಂದಾಣಿಕೆ ಇಲ್ಲ. ಹೆಗರ್ ಅವರ ಜೋಡಿಯನ್ನೇ ತಗೊಳ್ಳಿ. ನಮ್ಮ ಪಂಚಾಂಗದ ಜ್ಯೇಷ್ಠಾ ನಕ್ಷತ್ರ ಅಂದ್ರೆ ಮೂರು ತಾರೆ, ನಡುವೆ ಕೆಂಪಗೆ ಹೊಳೆಯೋದು ಅಂಟಾರೆಸ್, ಆಚೀಚೆ ಎರಡು ಚಿಕ್ಕವು, ಅದರಲ್ಲೊಂದು ಸಿಗ್ಮಾ ಸ್ಕಾರ್ಪಿ. ಅದರ ಬೆಳಕಲ್ಲಿ 5780 ಆಳವಾಗಿದೆ, 5797 ಅದರ ಮುಂದೆ ತೀರಾ ಸಣ್ಣದು. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಝೀಟಾ ಒಫಿಯೂಕಿ ಅನ್ನೋ ನಕ್ಷತ್ರ ಇದೆ, ಅದರಲ್ಲಿ 5797 ತನ್ನ ಜೊತೆಗಾರನಿಗೆ ಹೆಚ್ಚುಕಮ್ಮಿ ಸರಿಸಮ ನಿಲ್ಲೋಷ್ಟು ಬಲವಾಗಿದೆ. 1988ರಿಂದ ಈಚೆಗೆ ಖಗೋಳದವರು ಮೋಡಗಳನ್ನೇ ಸಿಗ್ಮಾ ಥರದ್ದು, ಝೀಟಾ ಥರದ್ದು ಅಂತ ಎರಡು ಬಗೆ ಮಾಡಿ ಮಾತಾಡ್ತಾರೆ. ಸಿಗ್ಮಾ ಮುಂದಿರೋ ಮೋಡದ ಮೇಲೆ ಅತಿನೇರಳೆ ಕಿರಣ ನೇರವಾಗಿ ಬೀಳ್ತಿದೆ, ಝೀಟಾ ಮುಂದಿರೋ ಮೋಡದ ಒಳಭಾಗಕ್ಕೆ ನೆರಳಿದೆ. ಅಂದ್ರೆ 5780ರ ಅಣು ಬಿಸಿಲು ತಡ್ಕೊಳ್ಳುತ್ತೆ, 5797ರ ಅಣುವಿಗೆ ಸ್ವಲ್ಪ ನೆರಳು ಬೇಕು. ಇನ್ನೂ ದಟ್ಟ ಕತ್ತಲ ಮೋಡದ ಒಳಗೆ ಹೋದ್ರೆ ದೂಳು ಹೆಚ್ಚಿದಷ್ಟು ಪಟ್ಟೆಗಳು ಹೆಚ್ಚಲ್ಲ, ಇವು ಮೋಡದ ಸಿಪ್ಪೆಯಲ್ಲಿ ಬದುಕೋ ಅಣುಗಳು. ಹೆಸರು ಗೊತ್ತಿಲ್ಲ, ಸ್ವಭಾವ ಮಾತ್ರ ಇಷ್ಟೆಲ್ಲ ಗೊತ್ತು, ಅದು ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗೋ ಭಾಗ.

ಅತಿನೇರಳೆ ಕಿರಣಕ್ಕೆ ಒಡೀದೆ ಉಳಿಯಬೇಕು, ಆಕಾಶದಲ್ಲಿ ಬೇಕಾದಷ್ಟು ಸಿಗೋ ಧಾತುವಿಂದ ಆಗಿರಬೇಕು, ಕಣ್ಣಿಗೆ ಕಾಣೋ ಬೆಳಕನ್ನ ನುಂಗಬೇಕು. ಈ ಮೂರೂ ಸೇರಿದ್ರೆ ಬೆರಳು ತೋರಿಸೋದು ಇಂಗಾಲದ ಕಡೆ. ಸೌದೆ ಒಲೆ ಇರೋ ಅಡುಗೆಮನೆಯಲ್ಲಿ ಜಂತಿಗೆ ಇಲ್ಲಣ ಕಟ್ಟುತ್ತಲ್ಲ, ಆ ಮಸಿಯಲ್ಲಿ ಇಂಗಾಲದ ಆರುಮೂಲೆ ಉಂಗುರಗಳು ಜೇನುಗೂಡಿನ ಕಣ್ಣಿನ ಥರ ಒಂದಕ್ಕೊಂದು ಅಂಟಿಕೊಂಡಿರೋ ಅಣುಗಳಿರ್ತಾವೆ, ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್ ಅಂತಾರೆ, ಬಟ್ಟೆ ಬೀರುವಿಗೆ ಹಾಕೋ ನ್ಯಾಫ್ತಲೀನ್ ಗುಳಿಗೆ ಅದರ ಪೈಕಿ ಚಿಕ್ಕದು, ಬರೀ ಎರಡು ಉಂಗುರ. 1985ರಲ್ಲಿ ಬೇರೆ ಬೇರೆ ತಂಡಗಳು ಮಸುಕು ಪಟ್ಟೆ ಈ ಜಾತಿ ಅಣುಗಳದ್ದಿರಬಹುದು ಅಂದ್ರು. ಅದೇ ವರ್ಷ ಅಮೆರಿಕದ ರೈಸ್ ಯೂನಿವರ್ಸಿಟಿಯಲ್ಲಿ ಕ್ರೋಟೊ, ಕರ್ಲ್, ಸ್ಮಾಲಿ ಮತ್ತವರ ವಿದ್ಯಾರ್ಥಿಗಳು ನಕ್ಷತ್ರಗಳ ಸುತ್ತ ಇಂಗಾಲ ಹೇಗೆ ಸರಪಳಿ ಕಟ್ಟುತ್ತೆ ಅಂತ ನೋಡೋಕೆ ಗ್ರಾಫೈಟ್ ಮೇಲೆ ಲೇಸರ್ ಹೊಡೀತಿದ್ದಾಗ 60 ಇಂಗಾಲದ ಒಂದು ಚೆಂಡು ಸಿಕ್ತು, 12 ಐದುಮೂಲೆ, 20 ಆರುಮೂಲೆ, ಥೇಟ್ ಫುಟ್‌ಬಾಲಿನ ಹೊಲಿಗೆ. ಆ ಮೂವರಿಗೆ 1996ರಲ್ಲಿ ನೊಬೆಲ್ ಬಂತು. ಆಕಾಶದ ಪ್ರಶ್ನೆ ಹಿಡ್ಕೊಂಡು ಹೋಗಿ ಭೂಮಿ ಮೇಲೆ ಸಿಕ್ಕ ವಸ್ತು ಇದು.

ಇನ್ನು ಮುಂದಿನದು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಯೂನಿವರ್ಸಿಟಿಯ ಜಾನ್ ಮೈಯರ್ ಅವರ ಲ್ಯಾಬಿನ ಕಥೆ, ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ಬೇಕು. ಒಂದು ಅಣು ಆಕಾಶದ ಪಟ್ಟೆಗೆ ಕಾರಣ ಅಂತ ಹೇಳೋಕೆ ಅದೇ ಅಣುವನ್ನ ಲ್ಯಾಬಲ್ಲಿ ಇಟ್ಟು ಅದು ಯಾವ ಬಣ್ಣ ನುಂಗುತ್ತೆ ಅಂತ ಅಳೆದು ಹೋಲಿಸಬೇಕು. ಕಷ್ಟ ಇರೋದು ಅಲ್ಲೇ, ಮೋಡದಲ್ಲಿ ಅಣು ಒಂಟಿ, ಘನ ಸೆಂಟಿಮೀಟರಿಗೆ ನೂರು ಪರಮಾಣು ಇದ್ರೆ ಹೆಚ್ಚು, ಚಳಿ ಸೊನ್ನೆಗಿಂತ ಇನ್ನೂರು ಡಿಗ್ರಿ ಕೆಳಗೆ, ಮೇಲಾಗಿ ಅತಿನೇರಳೆ ಕಿರಣ ಒಂದು ಎಲೆಕ್ಟ್ರಾನ್ ಕಿತ್ಕೊಂಡು ಹೋಗಿರುತ್ತೆ. ಅಂಥ ಅಣುವನ್ನ ಲ್ಯಾಬಲ್ಲಿ ಹಿಡಿಯೋದು ಹೇಗೆ? 1993ರಲ್ಲಿ ಬಾಸೆಲ್‌ನವರು ಎಲೆಕ್ಟ್ರಾನ್ ಕಳ್ಕೊಂಡ ಇಂಗಾಲದ ಚೆಂಡನ್ನ ಗಟ್ಟಿ ಮಾಡಿದ ನಿಯಾನ್ ಒಳಗೆ ಹುದುಗಿಸಿ ಅಳೆದ್ರು. ಮಾರನೇ ವರ್ಷವೇ ಫೋಯಿಂಗ್ ಮತ್ತು ಎರೆನ್‌ಫ್ರಾಯಿಂಡ್ ಅನ್ನೋ ಇಬ್ಬರು ಅದಕ್ಕೆ ಹತ್ತಿರ ಹತ್ತಿರ ಆಕಾಶದಲ್ಲಿ ಎರಡು ಪಟ್ಟೆ ಕಂಡ್ರು, 9577 ಮತ್ತು 9632. ಹತ್ತಿರ ಹತ್ತಿರ ಅಷ್ಟೇ, ಸರಿಯಾಗಿ ಅಲ್ಲ, ಯಾಕಂದ್ರೆ ಸುತ್ತ ಒತ್ತಿಕೊಂಡಿರೋ ನಿಯಾನ್ ಅಣುವಿನ ಬಣ್ಣವನ್ನೇ ಸ್ವಲ್ಪ ಜರುಗಿಸಿಬಿಡುತ್ತೆ. ಹಾಗಾಗಿ ಇದು ಇಪ್ಪತ್ತು ವರ್ಷ ಹೌದೋ ಅಲ್ವೋ ಅನ್ನೋ ಸ್ಥಿತಿಯಲ್ಲೇ ಉಳೀತು.

ನಡುವೆ 1998ರಲ್ಲಿ ಅದೇ ಲ್ಯಾಬಿನವರು ಏಳು ಇಂಗಾಲದ ಸರಪಳಿ, ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಇರೋದು, ಹಲವು ಪಟ್ಟೆಗಳಿಗೆ ಹೊಂದುತ್ತೆ ಅಂದ್ರು. 2001ರ ಹೊತ್ತಿಗೆ ಬೇರೆಯವರು ಇನ್ನೂ ನಿಖರವಾಗಿ ಆಕಾಶ ಅಳೆದು ಹೊಂದಲ್ಲ ಅಂತ ತೋರಿಸಿದ್ರು. ಈ ಕ್ಷೇತ್ರದಲ್ಲಿ ಇಂಥ ತಪ್ಪು ಹೊಂದಾಣಿಕೆ ಸುಲಭ, 559 ಪಟ್ಟೆ ಹರಡಿರೋ ಜಾಗದಲ್ಲಿ ಯಾವ ಅಣುವಿನ ಒಂದು ಗೆರೆ ಇಟ್ರೂ ಪಕ್ಕದಲ್ಲಿ ಏನೋ ಒಂದು ಸಿಕ್ಕೇ ಸಿಗುತ್ತೆ. ಜಾತಕದಲ್ಲಿ ಒಂದು ಗುಣ ಕೂಡಿದ್ರೆ ಸಾಲದು, ಅಣುವಿನ ಎಲ್ಲ ಪಟ್ಟೆ ಇರಬೇಕು, ಅಗಲ ಸರಿ ಇರಬೇಕು, ಒಂದಕ್ಕೊಂದು ಆಳದ ಲೆಕ್ಕವೂ ಕೂಡಬೇಕು.

2015ರಲ್ಲಿ ಅದೇ ಮೈಯರ್ ತಂಡ ಮಾಡಿದ ಪ್ರಯೋಗ ಇದೆಯಲ್ಲ, ಅದು ನನಗೆ ಎಷ್ಟು ಸಲ ಓದಿದ್ರೂ ಸಾಕಾಗಲ್ಲ. ಎಲೆಕ್ಟ್ರಾನ್ ಕಳ್ಕೊಂಡ ಚೆಂಡುಗಳನ್ನ ವಿದ್ಯುತ್ ಕ್ಷೇತ್ರದಿಂದ ಮಾಡಿದ ಬೋನಿನಲ್ಲಿ ಗಾಳಿ ಇಲ್ಲದ ಕಡೆ ತೇಲಿಸಿ ಇಟ್ರು, ನಿರಪೇಕ್ಷ ಸೊನ್ನೆಯಿಂದ ಸುಮಾರು 6 ಡಿಗ್ರಿ ಮೇಲಷ್ಟೇ ಇರೋಷ್ಟು ತಣ್ಣಗೆ ಮಾಡಿದ್ರು, ಒಳಗೆ ಹೀಲಿಯಂ ಬಿಟ್ರು. ಆ ಚಳಿಯಲ್ಲಿ ಒಂದೊಂದು ಹೀಲಿಯಂ ಪರಮಾಣು ಹೋಗಿ ಚೆಂಡಿಗೆ ಮೆಲ್ಲಗೆ ಅಂಟಿಕೊಳ್ಳುತ್ತೆ, ಹೂವಿನ ಮೇಲೆ ಇಬ್ಬನಿ ಕೂತ ಹಾಗೆ. ಪರಮಾಣು ತೂಕದ ಲೆಕ್ಕದಲ್ಲಿ ಚೆಂಡಿನದು 720, ಹೀಲಿಯಂದು 4, ಒಟ್ಟು 724. ಈಗ ಲೇಸರ್ ಬಿಟ್ಟು ಅದರ ಬಣ್ಣ ಚೂರು ಚೂರೇ ಬದಲಿಸ್ತಾ ಹೋಗ್ತಾರೆ. ಬಣ್ಣ ಹೊಂದದಿದ್ರೆ ಏನೂ ಆಗಲ್ಲ. ಹೊಂದಿದ ಕ್ಷಣ ಚೆಂಡು ಬೆಳಕನ್ನ ನುಂಗುತ್ತೆ, ಮೈ ನಡುಗುತ್ತೆ, ಹೀಲಿಯಂ ಉದುರಿಹೋಗುತ್ತೆ. 724 ತೂಕದವು ಎಷ್ಟು ಉಳಿದ್ವು ಅಂತ ಎಣಿಸಿದ್ರೆ ಆಯ್ತು, ಎಣಿಕೆ ಧಡಕ್ಕನೆ ಇಳಿದ ಬಣ್ಣವೇ ಆ ಅಣು ನುಂಗೋ ಬಣ್ಣ. ಒಂಟಿ ಹೀಲಿಯಂ ಎಷ್ಟು ಹಗುರವಾಗಿ ಕೂತಿರುತ್ತೆ ಅಂದ್ರೆ ಅದರಿಂದ ಬಣ್ಣ ಜರುಗೋದು ತೀರಾ ಕಮ್ಮಿ. ಎಣಿಕೆ ಇಳಿದಿದ್ದು 9577ರಲ್ಲಿ, ಇನ್ನೊಂದು 9632ರಲ್ಲಿ.

ಆದ್ರೂ ಒಂದು ತೊಡಕು ಉಳಿದಿತ್ತು. ಲ್ಯಾಬಲ್ಲಿ ಇನ್ನೂ ಸಣ್ಣ ಪಟ್ಟೆಗಳು ಕಂಡಿದ್ವು, 9348, 9365, 9428ರಲ್ಲಿ, ಅವೂ ಆಕಾಶದಲ್ಲಿ ಇರಲೇಬೇಕು. ಆ ಜಾಗದಲ್ಲಿ ನಮ್ಮ ವಾತಾವರಣದ ನೀರಾವಿ ತನ್ನ ಗೆರೆಗಳನ್ನ ಒತ್ತೊತ್ತಾಗಿ ಎಳೆದುಬಿಟ್ಟಿದೆ, ಬೆಟ್ಟದ ತುದಿಯಲ್ಲಿ ಟೆಲಿಸ್ಕೋಪ್ ಇಟ್ರೂ ಆ ಪೊದೆ ಒಳಗೆ ಹುಡುಕೋದು ಕಷ್ಟ. ಕೊನೆಗೆ ವಾತಾವರಣದಿಂದ ಆಚೆ ಇರೋ ಹಬಲ್ ಟೆಲಿಸ್ಕೋಪಿಂದ ನೋಡಿ 2019ರಲ್ಲಿ ಆ ಸಣ್ಣವುಗಳಲ್ಲಿ 9365, 9428 ಇವೆ ಅಂತ ಖಚಿತ ಮಾಡಿದ್ರು. ಹೆಗರ್ ಪ್ಲೇಟ್ ನೋಡಿದ 1919ರಿಂದ ಸರಿಯಾಗಿ ನೂರು ವರ್ಷಕ್ಕೆ, ಹೆಚ್ಚಿನವರು ಒಪ್ಪೋ ಒಂದು ಹೆಸರು, ಒಂದು ಅಣು. ಆ ಒಂದು ಅಣು ವಿವರಿಸೋದು ನಾಲ್ಕೈದು ಪಟ್ಟೆ.

ಬಾಕಿ ಐನೂರಕ್ಕೂ ಮೇಲೆ ಹಾಗೇ ಇವೆ. ಜೇನುಗೂಡಿನಂಥ ಮಸಿ ಅಣುಗಳ ಮೇಲೇ ತುಂಬಾ ಜನರ ಕಣ್ಣಿದೆ, ಆದ್ರೆ ಇಂಥದ್ದೇ ಅಂತ ಒಂದನ್ನ ಹಿಡಿದು ಯಾವ ಪಟ್ಟೆಗೂ ಇನ್ನೂ ಹೊಂದಿಸೋಕಾಗಿಲ್ಲ. ಅವು ಆಕಾಶದಲ್ಲಿ ಇರೋದಂತೂ ಹೌದು, 2021ರಲ್ಲಿ ರೇಡಿಯೋ ಟೆಲಿಸ್ಕೋಪಿನವರು ವೃಷಭ ರಾಶಿಯ ಒಂದು ಕತ್ತಲ ಮೋಡದಲ್ಲಿ ನ್ಯಾಫ್ತಲೀನ್‌ಗೆ ಇಂಗಾಲ ಸಾರಜನಕದ ಒಂದು ಬಾಲ ಅಂಟಿದ ಅಣುವನ್ನ ಪಕ್ಕಾ ಗುರುತು ಹಿಡಿದಿದ್ದಾರೆ. ಉಂಗುರ ಹೆಚ್ಚಿದಷ್ಟೂ ಅಣುವಿನ ಆಕಾರಗಳು ಲೆಕ್ಕ ಮೀರ್ತಾವೆ, ಒಂದೊಂದನ್ನೂ ತಯಾರಿಸಿ, ಎಲೆಕ್ಟ್ರಾನ್ ಕಿತ್ತು, ಹೀಲಿಯಂ ಕೂರಿಸಿ, ಲೇಸರ್ ಹೊಡೆದು ಅಳೀಬೇಕು. ಚಿಲಿ ದೇಶದ ದೊಡ್ಡ ಟೆಲಿಸ್ಕೋಪಲ್ಲಿ ನೂರಕ್ಕೂ ಹೆಚ್ಚು ನಕ್ಷತ್ರ ಆಯ್ದು ಈ ಪಟ್ಟೆಗಳಿಗೇ ಅಂತ ಒಂದು ದೊಡ್ಡ ಸರ್ವೇ ಮಾಡಿದ್ದಾರೆ, ಆಕಾಶದ ಕಡೆಯ ಅಳತೆ ಈಗ ತುಂಬಾ ಚೆನ್ನಾಗಿದೆ. ಹಿಂದೆ ಬಿದ್ದಿರೋದು ಲ್ಯಾಬಿನ ಕಡೆಯ ಪಟ್ಟಿ. ದುಡ್ಡೂ ಜನರೂ ದೊಡ್ಡ ದೊಡ್ಡ ಟೆಲಿಸ್ಕೋಪಿಗೆ ಸಿಗೋ ಹಾಗೆ ಇಂಥ ತಣ್ಣನೆ ಬೋನುಗಳಿಗೂ ಸಿಗಬೇಕು ಅಂತ ನಾನು ಮನಸಾರೆ ನಂಬ್ತೀನಿ.

ಹೆಸರು ಸಿಗೋವರೆಗೂ ಕಾಯದೆ ಇವನ್ನ ಕೆಲಸಕ್ಕೂ ಹಚ್ಚಿದ್ದಾರೆ. ಯುರೋಪಿನ ಗಾಯಾ ಉಪಗ್ರಹ 2022ರಲ್ಲಿ ಬಿಟ್ಟ ಮಾಹಿತಿಯಲ್ಲಿ 8620ರ ಹತ್ತಿರದ ಒಂದೇ ಪಟ್ಟೆಯನ್ನ ಸುಮಾರು 4.7 ಲಕ್ಷ ನಕ್ಷತ್ರಗಳ ಬೆಳಕಲ್ಲಿ ಅಳೆದಿದ್ದಾರೆ, ನಕ್ಷತ್ರ ಎಷ್ಟು ದೂರ ಅಂತ ಗಾಯಾಗೆ ಗೊತ್ತಿರೋದ್ರಿಂದ ಆ ಅಣು ನಮ್ಮ ಗ್ಯಾಲಕ್ಸಿಯಲ್ಲಿ ಎಲ್ಲೆಲ್ಲಿ ಹೆಚ್ಚು ಎಲ್ಲೆಲ್ಲಿ ಕಮ್ಮಿ ಅಂತ ನಕ್ಷೆಯೇ ಬಂದಿದೆ. ಬೇರೆ ಗ್ಯಾಲಕ್ಸಿಗಳಲ್ಲೂ ಇವೆ. 1987ರ ಸೂಪರ್‌ನೋವಾ, ಅಂದ್ರೆ ಸಿಡಿದ ನಕ್ಷತ್ರದ ಬೆಳಕಲ್ಲಿ ಕಂಡ್ವು, 2014ರಲ್ಲಿ ಎಂ82 ಗ್ಯಾಲಕ್ಸಿಯಲ್ಲಿ ಸಿಡಿದ ನಕ್ಷತ್ರದ ಬೆಳಕಲ್ಲೂ ಕಂಡ್ವು, ಅದು ಸುಮಾರು 1.2 ಕೋಟಿ ಜ್ಯೋತಿರ್ವರ್ಷ ಆಚೆ.

ಮೇ ತಿಂಗಳಲ್ಲಿ ರಾತ್ರಿ ಊಟ ಆದ್ಮೇಲೆ ಆಗ್ನೇಯ ದಿಕ್ಕಿಗೆ ನೋಡಿ. ಕೆಂಪಗಿರೋ ಅಂಟಾರೆಸ್ ತಕ್ಷಣ ಗುರುತು ಸಿಗುತ್ತೆ. ಅದರ ಎರಡೂ ಕಡೆ ಇರೋ ಚಿಕ್ಕ ನಕ್ಷತ್ರಗಳಲ್ಲಿ ಮೇಲಿರೋದು ಸಿಗ್ಮಾ. ಪಟ್ಟೆ ಕಣ್ಣಿಗೆ ಕಾಣಲ್ಲ, ಆದ್ರೆ ಅಲ್ಲಿಂದ ಹೊರಟು ನಿಮ್ಮ ಕಣ್ಣಿಗೆ ಬೀಳ್ತಿರೋ ಹಳದಿಯಲ್ಲಿ, ಉಪ್ಪಿನ ಹಳದಿಗಿಂತ 110 ಆಂಗ್‌ಸ್ಟ್ರಾಮ್ ಈಚೆಗೆ, ಹೆಗರ್ ನೋಡಿದ 5780ರ ಗುಂಡಿ ಇದೆ.